ಸಬ್ಸಿಡಿ ಯಾರಿಗೆ ಎಷ್ಟು? ಪಟ್ಟಿ ಕೇಳುವ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸರ್ಕಾರ ಕೊಡುವ ಕೃಷಿ ಸಹಾಯಧನ ಯಾರ ಹೆಸರಿಗೆ, ಎಷ್ಟು ಹೋಗಿದೆ ಎಂದು ತಿಳಿಯುವುದು ಹೇಗೆ? ದಕ್ಷಿಣ ಕನ್ನಡ ಮತ್ತು ಉಡುಪಿಯಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಇದನ್ನೇ ಕೇಳಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇವೆ.

ನಮ್ಮ ಪಂಚಾಯತ್‌ನಲ್ಲಿ ಕಳೆ ಕೊಚ್ಚುವ ಮೆಷಿನ್, ಪವರ್ ಟಿಲ್ಲರ್, ಕಾರ್ಬನ್ ಫೈಬರ್ ದೋಟಿ ಎಲ್ಲ ಸಬ್ಸಿಡಿಯಲ್ಲಿ ಬಂದಿದೆಯಂತೆ. ಯಾರಿಗೆಲ್ಲ ಸಿಕ್ಕಿತು ಎಂದು ಕಚೇರಿಯಲ್ಲಿ ಕೇಳಿದರೆ ‘ಅದು ಅವರವರ ವೈಯಕ್ತಿಕ ಮಾಹಿತಿ, ಕೊಡ್ಲಿಕ್ಕೆ ಆಗುದಿಲ್ಲ’ ಅಂದರು. ಹೌದಾ?
– ಅಡಿಕೆ ಕೃಷಿಕರು, ಬಂಟ್ವಾಳ

ಅಲ್ಲ. ಫಲಾನುಭವಿಗಳ ಪಟ್ಟಿಯನ್ನು ನೀವು ಕೇಳುವ ಮೊದಲೇ ಕಚೇರಿ ಪ್ರಕಟಿಸಿರಬೇಕಿತ್ತು. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಬಿ)ಯಲ್ಲಿ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರ ತಾನಾಗಿ ಪ್ರಕಟಿಸಬೇಕಾದ ಸಂಗತಿಗಳ ಪಟ್ಟಿ ಇದೆ. ಅದರ 12ನೇ ಉಪಕಲಂ ಹೇಳುವುದು ಸಬ್ಸಿಡಿ ಕಾರ್ಯಕ್ರಮಗಳನ್ನೇ ಕುರಿತು: ಹೇಗೆ ಜಾರಿ ಮಾಡುತ್ತೀರಿ, ಎಷ್ಟು ಹಣ ಹಂಚಿಕೆಯಾಗಿದೆ, ಫಲಾನುಭವಿಗಳು ಯಾರು. ಇದನ್ನು ವರ್ಷವರ್ಷ ಪರಿಷ್ಕರಿಸಬೇಕು. ಜನರಿಗೆ ಅರ್ಥವಾಗುವ ಸ್ಥಳೀಯ ಭಾಷೆಯಲ್ಲಿ ಇರಬೇಕು ಎಂದು 4(4) ಹೇಳುತ್ತದೆ.

ಆದರೆ ಕೌಂಟರಿನ ಮುಂದೆ ನಿಂತು ಕಲಂ ಹೇಳಿದರೆ ಪಟ್ಟಿ ಕೈಗೆ ಬರುವುದಿಲ್ಲ. ಅರ್ಜಿ ಹಾಕಿ. ಅಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ‘ನನ್ನ ಪಕ್ಕದ ಮನೆಯ ಇಂಥವರು ಎಷ್ಟು ಸಬ್ಸಿಡಿ ತೆಗೆದುಕೊಂಡಿದ್ದಾರೆ’ ಎಂದು ಒಬ್ಬರ ಹೆಸರು ಹಿಡಿದು ಕೇಳುವುದು. ಅಂಥ ಅರ್ಜಿಗೆ ‘ವೈಯಕ್ತಿಕ ಮಾಹಿತಿ’ ಎಂಬ ಮುದ್ರೆ ಒತ್ತುವುದು ಅಧಿಕಾರಿಗೆ ಸುಲಭ. ನೀವು ಕೇಳಬೇಕಾದದ್ದು ಪಟ್ಟಿಯನ್ನು: ಯೋಜನೆಯ ಹೆಸರು, ವರ್ಷ, ಗ್ರಾಮ. ಪಕ್ಕದ ಮನೆಯವರು ಅದರಲ್ಲಿ ಇದ್ದರೆ ಇರುತ್ತಾರೆ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೃಷಿ ಇಲಾಖೆಯದ್ದೂ ತೋಟಗಾರಿಕೆ ಇಲಾಖೆಯದ್ದೂ ಒಂದೇ ಹಾಳೆಯಲ್ಲಿ ಕೇಳಿದರೆ ಅಲ್ಲೇ ನಿಲ್ಲಿಸುತ್ತಾರೆ. ಎರಡು ಅರ್ಜಿ ಮಾಡಿ. ಶುಲ್ಕ ತಲಾ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ಎ4 ಪುಟಕ್ಕೆ 2 ರೂಪಾಯಿಯಂತೆ ಪ್ರತಿಯ ಖರ್ಚು ಬೇರೆ. ರಾಜ್ಯದ ಆರ್‌ಟಿಐ ಆನ್‌ಲೈನ್ ಜಾಲತಾಣದಲ್ಲೂ ಸಲ್ಲಿಸಬಹುದು. ಬರಹ ಹೀಗಿರಲಿ:

‘2023-24ರಿಂದ 2025-26ರವರೆಗೆ ____ ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಕೃಷಿ ಯಾಂತ್ರೀಕರಣ ಯೋಜನೆಯಡಿ ಸಹಾಯಧನ ಪಡೆದ ಫಲಾನುಭವಿಗಳ ಪಟ್ಟಿಯ ದೃಢೀಕೃತ ಪ್ರತಿ ಕೊಡಿ. ಪಟ್ಟಿಯಲ್ಲಿ ಇರಬೇಕಾದ ಅಂಕಣಗಳು: ಫಲಾನುಭವಿಯ ಹೆಸರು, ಗ್ರಾಮ, ಸರ್ವೆ ನಂಬರ್, ಯಂತ್ರದ ಹೆಸರು ಮತ್ತು ಕ್ರಮಸಂಖ್ಯೆ, ಒಟ್ಟು ದರ, ರೈತರ ವಂತಿಗೆ, ಸಹಾಯಧನ, ಪೂರೈಸಿದವರ ಹೆಸರು, ಹಣ ಪಾವತಿಯಾದ ದಿನಾಂಕ. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಬೇಡ. ದಾಖಲೆಯಲ್ಲಿದ್ದರೆ ಕಲಂ 10ರಂತೆ ಮುಚ್ಚಿ ಉಳಿದದ್ದನ್ನು ಕೊಡಿ. ಇದು ಕಲಂ 4(1)(ಬಿ)(12)ರಡಿ ಪ್ರಕಟಿಸಬೇಕಾದ ಮಾಹಿತಿ.’

ಕೊನೆಯ ಎರಡು ವಾಕ್ಯ ಬಿಡಬೇಡಿ. ‘ಖಾತೆ ನಂಬರ್ ಇರುವುದರಿಂದ ಇಡೀ ಪಟ್ಟಿ ಕೊಡಲಾಗದು’ ಎಂಬ ಹಿಂಬರಹದ ದಾರಿ ಅಲ್ಲಿಗೆ ಮುಚ್ಚುತ್ತದೆ.

ವಿಳಾಸ: ಕೃಷಿ ಇಲಾಖೆಯದ್ದಾದರೆ ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿ, ತೋಟಗಾರಿಕೆಯದ್ದಾದರೆ ತಾಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿ. ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಎಂದು ಬರೆದರೆ ಸಾಕು, ವ್ಯಕ್ತಿಯ ಹೆಸರು ಬೇಡ. ತಪ್ಪು ಕಚೇರಿಗೆ ಹೋದರೂ ಅರ್ಜಿ ಹಾಳಾಗುವುದಿಲ್ಲ, 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು. ಉತ್ತರಕ್ಕೆ 30 ದಿನ. ಪ್ರತಿಗಳ ಶುಲ್ಕ ಕಟ್ಟಿ ಎಂದು ಪತ್ರ ಬಂದರೆ, ಆ ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವ ದಿನದವರೆಗಿನ ಕಾಲವನ್ನು ಈ 30ರಲ್ಲಿ ಎಣಿಸುವುದಿಲ್ಲ. ಹಾಗಾಗಿ ಪತ್ರ ಕೈಸೇರಿದ ಕೂಡಲೇ ಕಟ್ಟಿಬಿಡಿ.

ಪಟ್ಟಿ ಸಿಕ್ಕಿತು. ನೂರಾರು ಹೆಸರು ಉಂಟು. ಇದರಲ್ಲಿ ಎಂತ ನೋಡುದು?
– ಸುಳ್ಯದಿಂದ

ಹೆಸರುಗಳ ಮೇಲೆ ಕಣ್ಣಾಡಿಸುವುದನ್ನು ಮೊದಲು ಬಿಡಿ. ಉಳಿದ ಅಂಕಣಗಳಲ್ಲೇ ಸತ್ಯ ಇರುವುದು.

ಯಂತ್ರದ ಕ್ರಮಸಂಖ್ಯೆಯಿಂದ ಆರಂಭಿಸಿ. ಒಂದೇ ಸಂಖ್ಯೆ ಎರಡು ಹೆಸರಿನ ಮುಂದೆ ಬಂದರೆ, ಒಂದೋ ಬರೆಯುವಾಗ ಕೈತಪ್ಪಾಗಿದೆ, ಇಲ್ಲವೇ ಒಂದೇ ಯಂತ್ರದ ಫೋಟೊ ತೆಗೆದು ಎರಡು ಬಿಲ್ಲು ಆಗಿದೆ. ಸಂಖ್ಯೆಯ ಅಂಕಣವೇ ಖಾಲಿ ಇದ್ದರೆ ಆ ಕಡತಗಳನ್ನು ಕಣ್ಣಾರೆ ನೋಡಬೇಕು. ಕಡತ ಪರಿಶೀಲನೆಯೂ ಮಾಹಿತಿ ಹಕ್ಕಿನ ಭಾಗ. ಕಲಂ 2(ಜೆ) ಅದಕ್ಕೆ ಅವಕಾಶ ಕೊಡುತ್ತದೆ. ಕಡತದಲ್ಲಿ ಅರ್ಜಿ, ಪಹಣಿ, ಎಫ್‌ಐಡಿ (ರೈತರ ನೋಂದಣಿ ಸಂಖ್ಯೆ), ದರಪಟ್ಟಿ, ಕಾರ್ಯಾದೇಶ, ಬಿಲ್, ಸ್ಥಳ ಪರಿಶೀಲನೆಯ ವರದಿ, ಫೋಟೊ ಸಾಮಾನ್ಯವಾಗಿ ಇರುತ್ತವೆ. ಬಿಲ್ಲಿನ ದಿನಾಂಕ ಕಾರ್ಯಾದೇಶಕ್ಕಿಂತ ಹಿಂದಿನದೇ, ಫೋಟೊದಲ್ಲಿ ನಿಂತವರು ಅರ್ಜಿಯಲ್ಲಿರುವವರೇ ಎಂದು ನೋಡಿ. ಫೋಟೊದ ಮೂಲೆಯಲ್ಲಿ ಜಿಪಿಎಸ್ ಅಂಕೆ ಅಚ್ಚಾಗಿದ್ದರೆ ಬರೆದುಕೊಳ್ಳಿ. ಹತ್ತು ಜನರ ಯಂತ್ರ ಒಂದೇ ಅಂಗಳದಲ್ಲಿ ನಿಂತಿದ್ದರೆ ಆ ಅಂಕೆಯೇ ಹೇಳುತ್ತದೆ. ಆದರೆ ಮಾರಾಟಗಾರರ ಅಂಗಡಿ ಮುಂದೆ ವಿತರಣೆಯ ದಿನ ತೆಗೆದ ಫೋಟೊಗಳೂ ಹಾಗೆಯೇ ಇರುತ್ತವೆ ಎಂಬುದು ನೆನಪಿರಲಿ.

ಮುಂದಿನದು ಒಟ್ಟು ದರ. ಸಬ್ಸಿಡಿಯ ಹಣ ಸೋರುವುದು ಹೆಚ್ಚಾಗಿ ಇಲ್ಲಿ. ಲೆಕ್ಕಕ್ಕೆ ಹೇಳುವುದಾದರೆ, ಪೇಟೆಯಲ್ಲಿ 22,000 ರೂಪಾಯಿಗೆ ಸಿಗುವ ಯಂತ್ರಕ್ಕೆ 34,000 ಬಿಲ್ ಮಾಡಿ ಶೇ 50 ಸಬ್ಸಿಡಿ ಅಂದರೆ, ಸರ್ಕಾರ ಕೊಟ್ಟದ್ದು 17,000, ರೈತ ಕೊಟ್ಟದ್ದು 17,000. ರೈತನಿಗೆ ಸಿಕ್ಕ ನಿಜವಾದ ಲಾಭ 5,000 ಮಾತ್ರ, ಉಳಿದ 12,000 ಬಿಲ್ಲಿನೊಳಗೆ ಕರಗಿದೆ. ಸಬ್ಸಿಡಿ ಮೊತ್ತವೊಂದನ್ನೇ ಕೇಳಿದರೆ ಇದು ಕಾಣುವುದೇ ಇಲ್ಲ. ಅದಕ್ಕೇ ಅರ್ಜಿಯಲ್ಲಿ ಒಟ್ಟು ದರವನ್ನೂ ಪೂರೈಸಿದವರ ಹೆಸರನ್ನೂ ಸೇರಿಸಿದ್ದು. ಅದೇ ಮಾದರಿಯ ಯಂತ್ರಕ್ಕೆ ಸಬ್ಸಿಡಿ ಇಲ್ಲದೆ ಏನು ದರ ಎಂದು ಎರಡು ಅಂಗಡಿಯಲ್ಲಿ ದರಪಟ್ಟಿ ಬರೆಸಿಕೊಂಡು ಹೋಲಿಸಿ.

ಒಂದೇ ಸರ್ವೆ ನಂಬರ್ ಹಲವು ಸಲ ಬಂದರೆ ಅನುಮಾನಕ್ಕೆ ಅವಸರ ಬೇಡ. ನಮ್ಮ ಕಡೆ ಜಂಟಿ ಪಹಣಿಗಳೇ ಹೆಚ್ಚು. ಕುಟುಂಬದ ಆಸ್ತಿ ಪಾಲಾಗಿ ತಲೆಮಾರು ಕಳೆದರೂ ಪಹಣಿಯಲ್ಲಿ ಆರೇಳು ಹೆಸರು ಒಟ್ಟಿಗೇ ಇರುತ್ತವೆ. ಅಣ್ಣನೂ ತಮ್ಮನೂ ಬೇರೆ ಬೇರೆ ತೋಟ ಮಾಡುತ್ತ ಒಂದೇ ಸರ್ವೆ ನಂಬರಿನಲ್ಲಿ ಅರ್ಜಿ ಹಾಕಿದ್ದರೆ ಅದು ಅಕ್ರಮವಲ್ಲ. ಆದರೆ ಒಂದೇ ಹೆಸರು ಕೃಷಿ ಇಲಾಖೆಯ ಪಟ್ಟಿಯಲ್ಲೂ ತೋಟಗಾರಿಕೆಯ ಪಟ್ಟಿಯಲ್ಲೂ, ಅದೇ ಯಂತ್ರಕ್ಕೆ, ಅದೇ ವರ್ಷ ಬಂದಿದ್ದರೆ ಕೇಳಬೇಕಾದ ಪ್ರಶ್ನೆ ಇದೆ. ಎರಡೂ ಪಟ್ಟಿ ಎದುರಿಗೆ ಇಟ್ಟುಕೊಂಡರೆ ಮಾತ್ರ ಇದು ಗೊತ್ತಾಗುತ್ತದೆ.

ಅರ್ಜಿ ಗಿರ್ಜಿ ಇಲ್ಲದೆ ಮೊಬೈಲಲ್ಲೇ ನೋಡಬಹುದಾದದ್ದು ಯಾವುದು?
– ಬ್ರಹ್ಮಾವರ

ಪಿಎಂ-ಕಿಸಾನ್ ಜಾಲತಾಣದಲ್ಲಿ ‘ಫಲಾನುಭವಿಗಳ ಪಟ್ಟಿ’ ಎಂಬ ಕೊಂಡಿ ಇದೆ. ರಾಜ್ಯ, ಜಿಲ್ಲೆ, ತಾಲೂಕು, ಬ್ಲಾಕ್, ಗ್ರಾಮ ಆರಿಸಿದರೆ ಹೆಸರುಗಳು ಬರುತ್ತವೆ. ಪಾಸ್‌ವರ್ಡ್ ಬೇಡ. ರಾಜ್ಯ ಸರ್ಕಾರದ ‘ಮಾಹಿತಿ ಕಣಜ’ದಲ್ಲಿ ಕೃಷಿ, ತೋಟಗಾರಿಕೆ ಸೇರಿ ಹಲವು ಇಲಾಖೆಗಳ ಮಾಹಿತಿ ಗ್ರಾಮವಾರು ಸಿಗುತ್ತದೆ; ಕಲಂ 4ರ ಕರ್ತವ್ಯಕ್ಕೆಂದೇ ಮಾಡಿದ ಜಾಲತಾಣ ಅದು. ಮಳೆ-ನೆರೆಯಿಂದಾದ ಬೆಳೆಹಾನಿಗೆ ಕಂದಾಯ ಇಲಾಖೆ ಕೊಟ್ಟದ್ದು ‘ಪರಿಹಾರ’ ತಂತ್ರಾಂಶದಲ್ಲಿ, ಬೆಳೆವಿಮೆಯದ್ದು ‘ಸಂರಕ್ಷಣೆ’ಯಲ್ಲಿ.

ಹುಡುಕುವಾಗ ಎಡವುವುದು ಗ್ರಾಮದ ಹೆಸರಿನಲ್ಲಿ. ಪಟ್ಟಿ ಇರುವುದು ಕಂದಾಯ ಗ್ರಾಮದ ಹೆಸರಿನಲ್ಲಿ; ನೀವು ಹುಡುಕುವುದು ಪಂಚಾಯತಿನ ಹೆಸರು ಅಥವಾ ಬಸ್‌ಸ್ಟಾಪಿನ ಹೆಸರು. ಪಹಣಿಯ ಮೇಲ್ಗಡೆ ಏನು ಬರೆದಿದೆಯೋ ಅದನ್ನೇ ಹುಡುಕಿ. ಉಡುಪಿ ಕಡೆ 80 ಬಡಗಬೆಟ್ಟು, 76 ಬಡಗಬೆಟ್ಟು ಎಂದು ಅಂಕೆಯಿಂದ ಶುರುವಾಗುವ ಹೆಸರುಗಳು ಅಕ್ಷರಗಳ ಸಾಲಿನಲ್ಲಿ ಸಿಗುವುದಿಲ್ಲ, ಅಂಕೆಗಳ ಗುಂಪಿನಲ್ಲಿ ನೋಡಬೇಕು. ಹೊಸ ತಾಲೂಕಿನವರು ಹಳೆ ತಾಲೂಕಿನಲ್ಲೂ ಒಮ್ಮೆ ನೋಡಿ: ಕಡಬದವರು ಪುತ್ತೂರು ಅಥವಾ ಸುಳ್ಯ, ಬ್ರಹ್ಮಾವರ-ಕಾಪುವಿನವರು ಉಡುಪಿ, ಬೈಂದೂರಿನವರು ಕುಂದಾಪುರ. ಜಮೀನು ಒಂದು ಗ್ರಾಮದಲ್ಲಿ, ಮನೆ ಇನ್ನೊಂದರಲ್ಲಿ ಇದ್ದರೆ ಎರಡೂ ಕಡೆ.

‘ಪರಿಹಾರ’ದ ಪಟ್ಟಿಯನ್ನು ಲೆಕ್ಕ ಹಾಕಿಯೇ ಪರೀಕ್ಷಿಸಬಹುದು, ಏಕೆಂದರೆ ದರ ನಿಗದಿಯಾಗಿದೆ. 2022ರಲ್ಲಿ ಪರಿಷ್ಕರಿಸಿ 2025-26ರವರೆಗೆ ಅನ್ವಯಿಸಿದ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ, ಶೇ 33 ಅಥವಾ ಹೆಚ್ಚು ಹಾನಿಯಾದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಅಡಿಕೆ-ತೆಂಗಿನಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಗರಿಷ್ಠ 2 ಹೆಕ್ಟೇರ್. ನಮ್ಮ ಪಹಣಿಯಲ್ಲಿ ಇರುವುದು ಸೆಂಟ್ಸ್. 247 ಸೆಂಟ್ಸ್ ಒಂದು ಹೆಕ್ಟೇರ್. 50 ಸೆಂಟ್ಸ್ ಅಡಿಕೆ ತೋಟಕ್ಕೆ ಸುಮಾರು 4,550 ರೂಪಾಯಿ ಬರಬೇಕು. ಬಹುವಾರ್ಷಿಕ ಬೆಳೆಗೆ ಕನಿಷ್ಠ 2,500 ಎಂಬ ನಿಯಮ ಇರುವುದರಿಂದ 10 ಸೆಂಟ್ಸಿನವರಿಗೂ ಅಷ್ಟು ಸಿಗಬೇಕು. ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಚ್ಚುವರಿ ಘೋಷಿಸಿದ ವರ್ಷ ಮೊತ್ತ ಇದಕ್ಕಿಂತ ಮೇಲಿರುತ್ತದೆ. ಅಡಿಕೆ ತೋಟಕ್ಕೆ 8,500ರ ದರದಲ್ಲಿ ಬಂದಿದ್ದರೆ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಭತ್ತವೋ ಮತ್ತೇನೋ ದಾಖಲಾಗಿರಬೇಕು. ಅದನ್ನು ಗ್ರಾಮ ಆಡಳಿತಾಧಿಕಾರಿಯ ಬಳಿ ಸರಿಪಡಿಸಿಕೊಳ್ಳದೆ ಬೇರೆಲ್ಲಿ ದೂರಿದರೂ ಪ್ರಯೋಜನವಿಲ್ಲ.

ಲಿಸ್ಟಲ್ಲಿ ನನ್ನ ಹೆಸರು ಉಂಟು, ಪಾಸ್‌ಬುಕ್ಕಲ್ಲಿ ದುಡ್ಡಿಲ್ಲ. ನನ್ನ ಹೆಸರಲ್ಲಿ ಬೇರೆ ಯಾರೋ ತಿಂದರೋ ಹೇಗೆ?
– ಕಾರ್ಕಳ

ಹಾಗೆಯೇ ಇರಬೇಕೆಂದಿಲ್ಲ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಅಲ್ಲ, ಎನ್‌ಪಿಸಿಐಯಲ್ಲಿ (ರಾಷ್ಟ್ರೀಯ ಪಾವತಿ ನಿಗಮ) ಕೊನೆಯದಾಗಿ ಜೋಡಿಸಿದ ಖಾತೆಗೆ. ಮೊಬೈಲ್ ಅಂಗಡಿಯಲ್ಲೋ ಮೇಳದಲ್ಲೋ ತೆರೆದ, ನೀವು ಮರೆತೇಬಿಟ್ಟ ಪೇಮೆಂಟ್ ಬ್ಯಾಂಕ್ ಖಾತೆಗೆ ಕಂತುಗಳು ಬಿದ್ದಿರುತ್ತವೆ. ಆಧಾರ್ ಜಾಲತಾಣದ ‘ಬ್ಯಾಂಕ್ ಜೋಡಣೆ ಸ್ಥಿತಿ’ ನೋಡಿದರೆ ಯಾವ ಬ್ಯಾಂಕ್ ಎಂದು ಗೊತ್ತಾಗುತ್ತದೆ.

ಪಿಎಂ-ಕಿಸಾನ್ ಆದರೆ ‘ನಿಮ್ಮ ಸ್ಥಿತಿ’ ಕೊಂಡಿಯಲ್ಲಿ ನೋಂದಣಿ ಸಂಖ್ಯೆ ಹಾಕಿ ಮೂರು ಸಾಲು ನೋಡಿ: ಇ-ಕೆವೈಸಿ, ಭೂದಾಖಲೆ ಜೋಡಣೆ, ಆಧಾರ್-ಬ್ಯಾಂಕ್ ಜೋಡಣೆ. ಒಂದರಲ್ಲಿ ‘ಇಲ್ಲ’ ಇದ್ದರೂ ಕಂತು ನಿಲ್ಲುತ್ತದೆ, ಹೆಸರು ಮಾತ್ರ ಪಟ್ಟಿಯಲ್ಲಿ ಕುಳಿತಿರುತ್ತದೆ. ಭೂದಾಖಲೆಯ ಸಮಸ್ಯೆ ಕರ್ನಾಟಕದಲ್ಲಿ ‘ಫ್ರೂಟ್ಸ್’ ತಂತ್ರಾಂಶದ ಎಫ್‌ಐಡಿಗೆ ಸಂಬಂಧಿಸಿದ್ದು. ಎಫ್‌ಐಡಿಯಲ್ಲಿ ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿದೆಯೇ, ಪಹಣಿಯ ಹೆಸರೂ ಆಧಾರಿನ ಹೆಸರೂ ತಾಳೆಯಾಗುತ್ತದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿ. ಪಹಣಿಯಲ್ಲಿ ಮನೆತನದ ಹೆಸರು ಸೇರಿ ಉದ್ದಕ್ಕೆ ಇದ್ದು, ಆಧಾರಿನಲ್ಲಿ ಇನಿಶಿಯಲ್ ಮಾತ್ರ ಇರುವುದು ಇಲ್ಲಿ ಮಾಮೂಲು.

ನೀರಾವರಿ ಉಪಕರಣ, ಯಂತ್ರಗಳಂಥವುಗಳ ಕತೆ ಬೇರೆ. ರೈತರ ಒಪ್ಪಿಗೆ ಪತ್ರದ ಮೇಲೆ ಸಹಾಯಧನ ಪೂರೈಕೆದಾರರ ಖಾತೆಗೇ ಹೋಗುವುದುಂಟು. ಪಾಸ್‌ಬುಕ್ಕಿನಲ್ಲಿ ಅದು ಕಾಣುವುದಿಲ್ಲ. ನೀವು ಸಹಿ ಹಾಕಿದ ಒಪ್ಪಿಗೆ ಪತ್ರದ ಪ್ರತಿ ಕೇಳಿ. ಅಂಥ ಪತ್ರವನ್ನೇ ನೀವು ಕೊಟ್ಟಿಲ್ಲ, ಸಾಮಗ್ರಿಯೂ ಬಂದಿಲ್ಲ ಎಂದಾದರೆ ಆಗ ಅದು ಪೊಲೀಸ್ ದೂರಿಗೆ ತಕ್ಕ ವಿಷಯ.

ಹೊಸ ಡೇಟಾ ಕಾನೂನು ಬಂದಿದೆ, ಇನ್ನು ಯಾರ ಹೆಸರೂ ಕೊಡುವ ಹಾಗಿಲ್ಲ ಎಂದು ಹಿಂಬರಹ ಕಳಿಸಿದ್ದಾರೆ. ಈಗ?
– ಮೂಡುಬಿದಿರೆಯ ಓದುಗರು. ಇದೇ ಪ್ರಶ್ನೆ ಕುಂದಾಪುರದಿಂದಲೂ ಬಂದಿದೆ

ಹಿಂಬರಹದಲ್ಲಿ ಅರ್ಧ ಸತ್ಯ ಇದೆ. ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) ಮೊದಲು ಹೇಳುತ್ತಿದ್ದುದು ಹೀಗೆ: ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಅಥವಾ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಕೊಡಬೇಕಾಗಿಲ್ಲ, ದೊಡ್ಡ ಸಾರ್ವಜನಿಕ ಹಿತ ಇದ್ದರೆ ಅದನ್ನೂ ಕೊಡಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 44(3) ಆ ಷರತ್ತುಗಳನ್ನೆಲ್ಲ ಕತ್ತರಿಸಿ, ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು’ ಎಂಬಷ್ಟನ್ನೇ ಉಳಿಸಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ನಮ್ಮ ಅಭಿಪ್ರಾಯದಲ್ಲಿ ಇದು ಮಾಹಿತಿ ಹಕ್ಕಿಗೆ ಬಿದ್ದ ದೊಡ್ಡ ಪೆಟ್ಟು.

ಆದರೆ ತಿದ್ದುಪಡಿ ಮುಟ್ಟದೆ ಬಿಟ್ಟ ಮೂರು ಸಂಗತಿ ನಿಮ್ಮ ಕೈಯಲ್ಲಿವೆ. ಸಬ್ಸಿಡಿ ಫಲಾನುಭವಿಗಳ ವಿವರ ಪ್ರಕಟಿಸಬೇಕೆಂಬ ಕಲಂ 4(1)(ಬಿ)(12) ಹಾಗೆಯೇ ಇದೆ. ದತ್ತಾಂಶ ಕಾಯ್ದೆಯ ಕಲಂ 3, ಯಾವುದೇ ಕಾನೂನಿನ ಕಟ್ಟಳೆಯಂತೆ ಬಹಿರಂಗಪಡಿಸಲೇಬೇಕಾದ ವೈಯಕ್ತಿಕ ದತ್ತಾಂಶಕ್ಕೆ ತಾನು ಅನ್ವಯಿಸುವುದಿಲ್ಲ ಎನ್ನುತ್ತದೆ. ಸಬ್ಸಿಡಿ ಪಟ್ಟಿ ಅದೇ ಜಾತಿಯದ್ದು. ಮೂರನೆಯದು ಕಲಂ 8(2): ವಿನಾಯಿತಿ ಇದ್ದರೂ, ಬಹಿರಂಗಪಡಿಸುವುದರಿಂದಾಗುವ ಸಾರ್ವಜನಿಕ ಹಿತ ಹಾನಿಗಿಂತ ಹೆಚ್ಚಾದರೆ ಕೊಡಬಹುದು.

ಕಚೇರಿಯ ವಾದ ಪೂರ್ತಿ ಪೊಳ್ಳಲ್ಲ ಎಂಬುದನ್ನೂ ತಿಳಿದಿರಿ. ಕಲಂ 8(1) ಶುರುವಾಗುವುದೇ ‘ಈ ಕಾಯ್ದೆಯಲ್ಲಿ ಬೇರೇನೇ ಇದ್ದರೂ’ ಎಂದು. ಅಧಿಕಾರಿ ಅದನ್ನು ಹಿಡಿದು ಕಲಂ 4ನ್ನೇ ಪಕ್ಕಕ್ಕೆ ಸರಿಸಬಹುದು. ಹಾಗಾಗಿ ಕಲಂ 4ನ್ನು ಮಾತ್ರ ನೆಚ್ಚಿಕೊಳ್ಳದೆ, ಮೇಲ್ಮನವಿಯಲ್ಲಿ 8(2)ರ ಸಾರ್ವಜನಿಕ ಹಿತವನ್ನು ಬಿಡಿಸಿ ಬರೆಯಿರಿ: ‘ಸರ್ಕಾರದ ಬೊಕ್ಕಸದಿಂದ ಹಣ ಹೋಗಿದೆ, ಅರ್ಹತೆಯ ಷರತ್ತುಗಳಿವೆ, ಪಟ್ಟಿ ಕಾಣದೆ ಅರ್ಹತೆ ಪರಿಶೀಲಿಸಲಾಗದು.’ ನಿದರ್ಶನ ಬೇಕಿದ್ದರೆ ಪಿಎಂ-ಕಿಸಾನ್‌ನದೇ ಇದೆ. 2020ರ ಜುಲೈವರೆಗೆ 20.48 ಲಕ್ಷ ಅನರ್ಹರಿಗೆ 1,364 ಕೋಟಿ ರೂಪಾಯಿ ಹೋಗಿದೆ ಎಂದು ಕೇಂದ್ರ ಕೃಷಿ ಸಚಿವಾಲಯವೇ ಒಂದು ಆರ್‌ಟಿಐ ಅರ್ಜಿಗೆ ಉತ್ತರಿಸಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆದಾಯ ತೆರಿಗೆ ಕಟ್ಟುವವರು.

ಮೊದಲ ಮೇಲ್ಮನವಿ ಅದೇ ಇಲಾಖೆಯ ಮೇಲಧಿಕಾರಿಗೆ, ಹಿಂಬರಹ ಸಿಕ್ಕಿದ 30 ದಿನದೊಳಗೆ. ಉತ್ತರವೇ ಬಾರದಿದ್ದರೆ ಅವಧಿ ಮುಗಿದ ದಿನದಿಂದ 30 ದಿನ. ಅವರು 30, ತಪ್ಪಿದರೆ 45 ದಿನದೊಳಗೆ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಉದ್ದ. ಮಾಹಿತಿ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಇರುವುದು ಆಯೋಗಕ್ಕೆ ಮಾತ್ರ. ಹಾಗಾಗಿ ಮೊದಲ ಮೇಲ್ಮನವಿಯಲ್ಲಿ ದಂಡ ಕೇಳಿ ಪ್ರಯೋಜನವಿಲ್ಲ. ಸ್ಪೀಡ್ ಪೋಸ್ಟಿನ ರಸೀದಿ, ಲಕೋಟೆ, ಹಿಂಬರಹ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ಇಟ್ಟುಕೊಳ್ಳಿ.

ನಿವೃತ್ತ ಮೇಷ್ಟ್ರೊಬ್ಬರ ಹೆಸರು ಪಿಎಂ-ಕಿಸಾನ್ ಪಟ್ಟಿಯಲ್ಲಿ ಇದೆ. ದೂರು ಕೊಡಬಹುದೇ?
– ಹೆಸರು ಬೇಡ, ಪುತ್ತೂರು

ಕೊಡಬಹುದು, ಆದರೆ ಮೊದಲು ಖಚಿತಪಡಿಸಿಕೊಳ್ಳಿ. ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಬರುವವರು ಅನರ್ಹರು. ಗ್ರೂಪ್ ‘ಡಿ’ ನೌಕರರಾಗಿದ್ದವರಿಗೆ ಈ ನಿರ್ಬಂಧವಿಲ್ಲ. ಹಿಂದಿನ ಕರನಿರ್ಧಾರಣಾ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರು ಅನರ್ಹರು. ಸಾಲಕ್ಕೋ ವೀಸಾಕ್ಕೋ ರಿಟರ್ನ್ ಸಲ್ಲಿಸಿ ತೆರಿಗೆ ಶೂನ್ಯ ಬಂದವರು ಈ ಸಾಲಿಗೆ ಸೇರುವುದಿಲ್ಲ. ವೃತ್ತಿನಿರತ ವೈದ್ಯರು, ವಕೀಲರು, ಎಂಜಿನಿಯರ್, ಲೆಕ್ಕಪರಿಶೋಧಕರೂ ಅನರ್ಹರು. ಕುಟುಂಬ ಎಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಒಂದು ಕುಟುಂಬಕ್ಕೆ ವರ್ಷಕ್ಕೆ 6,000. ಬೇರೆ ಪಹಣಿ ಇರುವ ವಯಸ್ಕ ಮಗ ಬೇರೆ ಕುಟುಂಬ. 2019ರ ಫೆಬ್ರುವರಿ 1ರ ನಂತರ ಕ್ರಯಕ್ಕೆ ಪಡೆದ ಜಮೀನಿಗೆ ಸಿಗುವುದಿಲ್ಲ, ಯಜಮಾನರು ತೀರಿಕೊಂಡು ವಾರಸುದಾರರಿಗೆ ಬಂದದ್ದಕ್ಕೆ ಸಿಗುತ್ತದೆ.

ಮಾಸ್ತರರೊಡನೆ ನೇರ ಮಾತಾಡುವ ಸಲುಗೆ ಇದ್ದರೆ ಅದನ್ನೇ ಮೊದಲು ಮಾಡಿ. ಸೌಲಭ್ಯ ಬಿಟ್ಟುಕೊಡಲು, ಪಡೆದ ಹಣ ಮರಳಿಸಲು ಪಿಎಂ-ಕಿಸಾನ್ ಜಾಲತಾಣದಲ್ಲೇ ಕೊಂಡಿಗಳಿವೆ. ಅದು ಆಗದಿದ್ದರೆ ಸಹಾಯಕ ಕೃಷಿ ನಿರ್ದೇಶಕರಿಗೆ ಲಿಖಿತ ದೂರು.

ಗಂಡ ತೀರಿಕೊಂಡ ಮೇಲೆ ತೋಟ ನನ್ನ ಹೆಸರಿಗೆ ಆಗಿದೆ. ಎಷ್ಟು ದುಡ್ಡು ಬಂತು ಎಂದು ಊರಿಗೆಲ್ಲ ಗೊತ್ತಾಗುವುದು ಸರಿಯೇ? ‘ಪಿಎಂ ಕಿಸಾನ್’ ಅಂತ ವಾಟ್ಸ್‌ಆ್ಯಪ್‌ಗೂ ಏನೇನೋ ಬರ್ತದೆ, ಹೆದರಿಕೆ ಆಗ್ತದೆ.
– ಬೆಳ್ತಂಗಡಿ

ಅಮ್ಮಾ, ನಿಮ್ಮ ಆತಂಕ ನ್ಯಾಯವಾದದ್ದು. ಹೆಸರು, ಗ್ರಾಮ, ಯೋಜನೆ, ಮೊತ್ತ ಇಷ್ಟು ತಿಳಿಯುವುದು ಸಾರ್ವಜನಿಕ ಹಣದ ಲೆಕ್ಕ. ಅದಕ್ಕಿಂತ ಮುಂದೆ ಹೋಗುವಂತಿಲ್ಲ. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು ಆಧಾರ್ ಕಾಯ್ದೆ 2016ರ ಕಲಂ 29(4) ನಿಷೇಧಿಸುತ್ತದೆ. ಪಂಚಾಯತ್ ಫಲಕದಲ್ಲೋ ಜಾಲತಾಣದಲ್ಲೋ ಪೂರ್ತಿ ಆಧಾರ್, ಖಾತೆ ಸಂಖ್ಯೆ ಕಂಡರೆ ಫೋಟೊ ತೆಗೆದು, ಆ ಕಚೇರಿಗೆ ‘ಕೂಡಲೇ ಮುಚ್ಚಿ’ ಎಂದು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ವಾಟ್ಸ್‌ಆ್ಯಪ್‌ಗೆ ಬರುವ ‘ಎಪಿಕೆ’ ಕಡತಗಳನ್ನು ಒತ್ತಲೇಬೇಡಿ. ಅದನ್ನು ಅಳವಡಿಸಿದರೆ ನಿಮ್ಮ ಎಸ್ಸೆಮ್ಮೆಸ್, ಒಟಿಪಿ ಎಲ್ಲ ಅವರ ಕೈಗೆ ಸೇರುತ್ತದೆ. ಇಲಾಖೆಯವರು ಸಬ್ಸಿಡಿಗೆ ಒಟಿಪಿ ಕೇಳಿ ಫೋನ್ ಮಾಡುವುದಿಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಕೆಲವು ಗಂಟೆಗಳಲ್ಲೇ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಅಡಿಕೆಯ ಹವಾಮಾನ ಆಧಾರಿತ ವಿಮೆ ಪಕ್ಕದ ಪಂಚಾಯತಿಗೆ ನಮ್ಮ ಎರಡು ಪಟ್ಟು ಬಂತು. ತೋಟದ ಮಧ್ಯೆ ಗಡಿ, ಮಳೆ ಒಂದೇ!
– ಕಡಬ

ಇಲ್ಲಿ ಫಲಾನುಭವಿ ಪಟ್ಟಿ ಕೇಳಿ ಉಪಯೋಗವಿಲ್ಲ, ಮಳೆಯ ದಾಖಲೆ ಕೇಳಬೇಕು. ಈ ವಿಮೆಯಲ್ಲಿ ಯಾರ ತೋಟಕ್ಕೂ ಬಂದು ಹಾನಿ ನೋಡುವುದಿಲ್ಲ. ಪಂಚಾಯತಿಗೆ ನಿಗದಿಯಾದ ಮಳೆಮಾಪಕದ ಅಂಕೆಯನ್ನು ಟರ್ಮ್ ಶೀಟಿನ (ವಿಮೆಯ ಷರತ್ತುಗಳ ಹಾಳೆಯ) ಮಿತಿಗಳಿಗೆ ಹೋಲಿಸಿ, ಇಡೀ ಪಂಚಾಯತಿಗೆ ಹೆಕ್ಟೇರಿಗಿಷ್ಟು ಎಂದು ಒಂದೇ ದರ ಕಟ್ಟುತ್ತಾರೆ. ಹೆಕ್ಟೇರಿಗೆ ವಿಮಾ ಮೊತ್ತ 1,28,000, ರೈತರ ಕಂತು ಅದರ ಶೇ 5, ಅಂದರೆ 6,400; ಕಂತಿನ ಉಳಿದ ಭಾಗ ಕಟ್ಟುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು. ಸಬ್ಸಿಡಿ ಎಂದರೆ ಇದೂ ಹೌದು.

ತೋಟಗಾರಿಕೆ ಇಲಾಖೆಗೆ ಅರ್ಜಿ ಹಾಕಿ ನಿಮ್ಮ ಪಂಚಾಯತಿಯ ಟರ್ಮ್ ಶೀಟ್, ಪರಿಹಾರ ಲೆಕ್ಕ ಹಾಕಿದ ಹಾಳೆ, ಯಾವ ಕೇಂದ್ರದ ಅಂಕೆ ಬಳಸಿದ್ದಾರೆ ಎಂಬುದನ್ನು ಕೇಳಿ. ದಿನವಾರು ಮಳೆಯ ಅಂಕೆಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಪಡೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ಅಂಕೆ ಹಲವು ದಿನ ಮರುಕಳಿಸಿದೆಯೇ, ಜೋರು ಮಳೆಯ ದಿನ ಸೊನ್ನೆ ಬಿದ್ದಿದೆಯೇ ನೋಡಿ. ಮಳೆಮಾಪಕ ಕೆಟ್ಟು ನಿಂತಿದ್ದಾಗ ಬೇರೆ ಕೇಂದ್ರದ ಅಂಕೆ ಹಾಕಿರುತ್ತಾರೆ. ವ್ಯತ್ಯಾಸ ಬರುವುದು ಹೆಚ್ಚಾಗಿ ಅಲ್ಲಿಂದ.

ನಮ್ಮ ಸೊಸೈಟಿಯಲ್ಲಿ ಶೂನ್ಯ ಬಡ್ಡಿ ಸಾಲ ಯಾರಿಗೆಲ್ಲ ಕೊಟ್ಟಿದ್ದಾರೆ ಎಂದು ಆರ್‌ಟಿಐಯಲ್ಲಿ ಕೇಳಿದೆ. ‘ನಾವು ಆರ್‌ಟಿಐಗೆ ಬರುವುದಿಲ್ಲ’ ಎಂದರು.
– ಶಿರ್ವ

ಅವರು ಹೇಳಿದ್ದು ಬಹುಮಟ್ಟಿಗೆ ಸರಿ. 2013ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್, ಕೇರಳದ ತಲಪ್ಪಾಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ, ಸರ್ಕಾರದ ಗಣನೀಯ ಹಣಕಾಸಿನಲ್ಲಿ ನಡೆಯದ ಸಹಕಾರ ಸಂಘಗಳು ಸಾರ್ವಜನಿಕ ಪ್ರಾಧಿಕಾರ ಅಲ್ಲ ಎಂದಿದೆ. ಆದರೆ ಅದೇ ತೀರ್ಪು, ನಿಬಂಧಕರು ಕಾನೂನಿನಂತೆ ಸಂಘದಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ನಿಬಂಧಕರ ಬಳಿ ಕೇಳಬಹುದು ಎಂದೂ ಹೇಳಿದೆ. ಅರ್ಜಿಯನ್ನು ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಹಾಕಿ. ಸಾಲದ ಖಾತೆ ಕೇಳಬೇಡಿ, ಅದು ಬ್ಯಾಂಕಿಂಗ್ ಗೌಪ್ಯ. ಸಂಘಕ್ಕೆ ಸರ್ಕಾರ ಭರಿಸಿದ ಬಡ್ಡಿ ಸಹಾಯಧನದ ವರ್ಷವಾರು ಮೊತ್ತ, ಸಲ್ಲಿಸಿದ ಬಿಲ್ಲಿನ ಪ್ರತಿ, ಸಾಲಗಾರರ ಸಂಖ್ಯೆ ಕೇಳಿ.

ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಯಾವ ರೈತನಿಗೆ ಎಷ್ಟು ಸಬ್ಸಿಡಿ ಎಂದು ಎಲ್ಲರೂ ನೋಡಬಹುದಂತೆ, ನಿಜವೇ?
– ಮಣಿಪಾಲ

ನಿಜ, ಆದರೆ ಅಲ್ಲೂ ಜಗಳವಾಗಿಯೇ ಈ ಸ್ಥಿತಿಗೆ ಬಂದದ್ದು. ಐರೋಪ್ಯ ಒಕ್ಕೂಟ ಕೃಷಿ ನಿಧಿ ಪಡೆದವರ ಹೆಸರು-ಮೊತ್ತ ಪ್ರಕಟಿಸಲು ನಿಯಮ ಮಾಡಿದಾಗ ಜರ್ಮನಿಯ ಹೆಸ್ಸೆ ರಾಜ್ಯದ ಕೃಷಿಕರು ನ್ಯಾಯಾಲಯಕ್ಕೆ ಹೋದರು. 2010ರ ನವೆಂಬರ್ 9ರಂದು ಐರೋಪ್ಯ ನ್ಯಾಯಾಲಯ, ಸಣ್ಣವರು-ದೊಡ್ಡವರು ಎಂದು ನೋಡದೆ ಎಲ್ಲ ವ್ಯಕ್ತಿಗಳ ಹೆಸರನ್ನೂ ಹಾಕುವುದು ಅತಿಯಾಯಿತು ಎಂದು ಆ ಭಾಗವನ್ನು ರದ್ದು ಮಾಡಿತು. 2013ರ ಹೊಸ ನಿಯಮದಲ್ಲಿ ಮಿತಿ ಬಂತು: ವರ್ಷಕ್ಕೆ 1,250 ಯೂರೊವರೆಗೆ ಪಡೆದವರ ಹೆಸರು ಹಾಕುವುದಿಲ್ಲ, ಅದಕ್ಕಿಂತ ಹೆಚ್ಚಿನವರದ್ದು ಹಾಕುತ್ತಾರೆ. ಪ್ರತಿ ವರ್ಷ ಮೇ 31ರೊಳಗೆ ಪ್ರಕಟಣೆ, ಎರಡು ವರ್ಷ ಜಾಲತಾಣದಲ್ಲಿ ಉಳಿಯುತ್ತದೆ. ಅಮೆರಿಕದಲ್ಲಿ 2008ರ ಕೃಷಿ ಕಾಯ್ದೆ ಜಮೀನಿನ ನಕ್ಷೆಯಂಥ ವಿವರಗಳನ್ನು ಮುಚ್ಚಿಟ್ಟಿತು, ಹಣ ಪಾವತಿಯ ಮಾಹಿತಿಯನ್ನು ಮುಚ್ಚಲಿಲ್ಲ. ಅಲ್ಲಿನ ಒಂದು ಪರಿಸರ ಸಂಸ್ಥೆ 2001ರಿಂದಲೇ ಪಾವತಿಗಳನ್ನು ಹೆಸರು ಸಮೇತ ಜಾಲತಾಣದಲ್ಲಿ ಹುಡುಕುವಂತೆ ಇಟ್ಟಿದೆ.

ಬೆಳ್ತಂಗಡಿಯ ಓದುಗರ ಆತಂಕಕ್ಕೆ ಈ ಮೊತ್ತದ ಮಿತಿ ಒಳ್ಳೆಯ ಉಪಾಯ ಎನಿಸುತ್ತದೆ. ನಮ್ಮ ಕಾನೂನಿನಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿ 2,000 ರೂಪಾಯಿಯ ಕಂತಿಗೂ ಲಕ್ಷಾಂತರ ರೂಪಾಯಿಯ ಘಟಕಕ್ಕೂ ಒಂದೇ ಅಳತೆ.

ಆರ್‌ಟಿಐಯಲ್ಲಿ ಸಿಕ್ಕ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬಹುದೇ? ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಹುದೇ?
– ಉಳ್ಳಾಲ

ಗ್ರಾಮಸಭೆಯಲ್ಲಿ ಓದಿ, ಅದಕ್ಕೆ ಸರಿಯಾದ ಜಾಗ ಅದೇ. ಕೃಷಿ-ತೋಟಗಾರಿಕೆ ಅಧಿಕಾರಿಗಳು ಅಲ್ಲಿರುತ್ತಾರೆ, ಪ್ರಶ್ನೆಯೂ ಉತ್ತರವೂ ನಡವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಓದುವ ಮೊದಲು ಪಿಡಿಒಗೆ ಪಟ್ಟಿಯ ಒಂದು ಪ್ರತಿ ಕೊಟ್ಟು ವಿಷಯ ಸೂಚಿಯಲ್ಲಿ ಸೇರಿಸಲು ಬರೆದುಕೊಡಿ. ‘ಇದು ಅಜೆಂಡಾದಲ್ಲಿ ಇಲ್ಲ’ ಎಂಬ ಮಾತು ಬರುವುದಿಲ್ಲ.

ವಾಟ್ಸ್‌ಆ್ಯಪ್‌ಗೆ ಹಾಕುವುದಾದರೆ ಪುಟವನ್ನು ಪೂರ್ತಿಯಾಗಿ, ಕಚೇರಿಯ ಮುದ್ರೆ ಸಮೇತ ಹಾಕಿ. ಒಬ್ಬರ ಸಾಲನ್ನು ಕತ್ತರಿಸಿ, ಕೆಂಪು ಗೆರೆ ಎಳೆದು, ‘ಕಳ್ಳ’ ಎಂದು ಕೆಳಗೆ ಬರೆದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರ ಮಾನನಷ್ಟ ದೂರು ನಿಮ್ಮ ಮೇಲೇ ಬರುತ್ತದೆ. ಅಧಿಕಾರಿಯ ಕಣ್ತಪ್ಪಿನಿಂದ ಯಾವುದಾದರೂ ಪುಟದಲ್ಲಿ ಖಾತೆ ಸಂಖ್ಯೆಯೋ ಮೊಬೈಲ್ ಸಂಖ್ಯೆಯೋ ಉಳಿದಿದ್ದರೆ ಪೆನ್ನಿನಿಂದ ಮಸಿ ಬಳಿದು ಫೋಟೊ ತೆಗೆಯಬೇಡಿ, ಬೆಳಕಿಗೆ ಹಿಡಿದರೆ ಅಂಕೆ ಕಾಣುತ್ತದೆ. ಆ ಅಂಕಣದ ಮೇಲೆ ಕಾಗದದ ಪಟ್ಟಿ ಅಂಟಿಸಿ, ಝೆರಾಕ್ಸ್ ಮಾಡಿಸಿ, ಆ ಝೆರಾಕ್ಸಿನ ಫೋಟೊ ಹಾಕಿ.